ಗೋಬರ್ ಗ್ಯಾಸಿಗೆ ಹೋಳಿಗೆ ಉಣಿಸಿದ ದೀಪಾವಳಿ

ನಮ್ಮ ಅತ್ತೆ ರೊಟ್ಟಿ ಬಡಿಯಲು ಕೂತರೆ ಆ ಸದ್ದಿನ ಮೇಲೆಯೇ ಓಣಿಯವರು ಹೊತ್ತು ಹೇಳುತ್ತಿದ್ದರು. ಜೋಳದ ರೊಟ್ಟಿ ಎಂದರೆ ಅವರದು. ತೆಳ್ಳಗೆ, ಅಂಚು ಎಲ್ಲೂ ಬಿರಿಯದೆ, ಕೆಂಡದ ಮುಂದೆ ನಿಲ್ಲಿಸಿದ ಕೂಡಲೇ ಪೂರ್ತಿ ಉಬ್ಬಿಬಿಡುತ್ತಿತ್ತು. ಹುಬ್ಬಳ್ಳಿ ಹತ್ತಿರದ ಸುಳ್ಳ ಗ್ರಾಮದ ಆಚೆಗಿನ ನಮ್ಮ ಊರಿನಲ್ಲಿ ಮದುವೆಯಿರಲಿ, ತೊಟ್ಟಿಲ ಕಾರ್ಯವಿರಲಿ, ಮೊದಲ ಕರೆ ಬರುತ್ತಿದ್ದುದು ಅವರಿಗೆ. ನಾನೋ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಸಿಲಿಂಡರ್ ಗ್ಯಾಸಿನ ಮೇಲೆ ಚಪಾತಿ ಮಾಡಿಕೊಂಡು ಬೆಳೆದವಳು. ಆ ಮನೆಗೆ ಸೊಸೆಯಾಗಿ ಬಂದು ವರ್ಷಗಳಾಗಿದ್ದರೂ ಜೋಳದ ಹಿಟ್ಟು ನಾದುವ ಪರಾತ ನನ್ನ ಕೈಗೆ ಬರುತ್ತಿರಲಿಲ್ಲ. ಬಾರದಿರುವುದರಲ್ಲಿ ನನಗೂ ಸುಖವಿತ್ತು.

ಅತ್ತೆಗೆ ನಗುವ ಚಟ. ಯಾರನ್ನಾದರೂ ಛೇಡಿಸಿ, ತಮ್ಮ ಮಾತಿಗೆ ತಾವೇ ಮೊದಲು ನಗುತ್ತಿದ್ದರು. ಆದರೆ ಹತ್ತಿಕಟ್ಟಿಗೆಯ, ಸಗಣಿ ತಟ್ಟಿ ಒಣಗಿಸಿದ ಕುಳ್ಳಿನ ಹೊಗೆ ಕುಡಿದು ಕುಡಿದು ಎದೆ ಕೆಟ್ಟಿತ್ತು. ನಗು ಅರ್ಧಕ್ಕೆ ಬರುವಷ್ಟರಲ್ಲಿ ಕೆಮ್ಮಾಗುತ್ತಿತ್ತು. ಕೆಮ್ಮು ಶುರುವಾದರೆ ಕಣ್ಣು, ಮೂಗು ಎಲ್ಲ ಸೋರುವವರೆಗೆ ನಿಲ್ಲುತ್ತಿರಲಿಲ್ಲ. ಬರಬರುತ್ತ ಅವರು ನಗು ಬಂದರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ತಡೆದುಬಿಡುತ್ತಿದ್ದರು. ಅದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಒಂದು ದಿನ ಹಟ ಮಾಡಿ ಸತ್ತೂರಿನ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, "ಔಷಧ ಕೊಡತೇನಿ. ಆದ್ರ ಒಲಿ ಮುಂದ ಕೂಡೂದು ಬಂದ್ ಮಾಡ್ರಿ. ಹೊಗಿ ಬಿಡಲಿಲ್ಲಂದ್ರ ಯಾವ ಔಷಧದಿಂದಾನೂ ಉಪಯೋಗಿಲ್ಲ" ಎಂದರು. ಬಸ್ಸಿನಲ್ಲಿ ಊರು ಬರುವವರೆಗೂ ಅತ್ತೆ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತಿದ್ದರು.

ಮರುದಿನ ರೊಟ್ಟಿ ನಾನು ಮಾಡಿದೆ. ಗಂಡ ಮಜ್ಜಿಗೆಯಲ್ಲಿ ಮುರಿದು ಹಾಕಿಕೊಂಡು ಉಂಡರು. ಅತ್ತೆ ಮಾತ್ರ ನನ್ನ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಇದು ಯಾವ ದೇಶದ ನಕಾಶಿ ಐತಿ, ನಮ್ಮವ್ವಾ?" ಎಂದರು. ನಗು ಬಂತು, ಸೆರಗು ಬಾಯಿಗೆ ಹೋಯಿತು.

ಆಗ ನಾನು ಗ್ರಾಮ ಪಂಚಾಯ್ತಿಯ ಮೆಂಬರ್. ಎರಡು ಸಾವಿರನೇ ಇಸವಿಯ ಆಚೀಚೆಯ ಕಾಲ. ಮಹಿಳಾ ಮೀಸಲು ಸೀಟಿಗಾಗಿ ಎರಡೂ ಪಾರ್ಟಿಯವರು ಕಿತ್ತಾಡಿ ಸುಸ್ತಾಗಿ, ಯಾವ ಪಾರ್ಟಿಗೂ ಸೇರದ ನನ್ನನ್ನು ಅವಿರೋಧವಾಗಿ ಆರಿಸಿದ್ದರು. ಸುಮ್ಮನೆ ಕೂತು ಸಹಿ ಹಾಕುತ್ತಾಳೆ ಎಂದು ಅವರ ಲೆಕ್ಕಾಚಾರ. ನನ್ನ ಬಾಯಿಯ ಪರಿಚಯ ಅವರಿಗಿನ್ನೂ ಆಗಿರಲಿಲ್ಲ.

ಒಂದು ಸಭೆಗೆ ತಾಲೂಕಿನಿಂದ ಸಾಹೇಬರೊಬ್ಬರು ಬಂದರು. ದನ ಇದ್ದ ಮನೆಗಳಿಗೆ ಪಂಚಾಯ್ತಿ ವತಿಯಿಂದ ಗೋಬರ್ ಗ್ಯಾಸ್ ಮಾಡಿಸಬಹುದು ಎಂದರು. ಕಟ್ಟಿಗೆ ಸುಟ್ಟ ಹೊಗೆ, ತಿಪ್ಪೆಯಲ್ಲಿ ಕೊಳೆಯುವ ಸಗಣಿಯಿಂದ ಏಳುವ ಗ್ಯಾಸು, ಇವೆಲ್ಲ ಮೇಲೆ ಹೋಗಿ ಕೂತು ಭೂಮಿಯನ್ನೇ ಬಿಸಿ ಮಾಡುತ್ತಿವೆ. ಅದೇ ಗ್ಯಾಸನ್ನು ಹಿಡಿದು ಒಲೆಯಲ್ಲಿ ಉರಿಸಿದರೆ ಊರಿಗೂ ಒಳ್ಳೆಯದು, ಲೋಕಕ್ಕೂ ಒಳ್ಳೆಯದು ಎಂದು ತಾಳ್ಮೆಯಿಂದ ತಿಳಿಸಿ ಹೇಳಿದರು. ಹಿರಿಯ ಮೆಂಬರರೊಬ್ಬರು ತಲೆಯ ಟೊಪ್ಪಿಗೆ ಸರಿ ಮಾಡಿಕೊಂಡು, "ನಮ್ಮ ತಿಪ್ಪಿಯಿಂದ ಲೋಕ ಬಿಸಿ ಆಗಾಕತ್ತದ ಅಂದ್ರ, ನಮ್ಮೂರು ಸಣ್ಣದಲ್ಲ ಬಿಡ್ರಿ!" ಎಂದರು. ಸಭೆಯೆಲ್ಲ ನಕ್ಕಿತು. ಗಟಾರ, ಬೀದಿದೀಪದ ಮಾತಿಗೆ ಹೊರಳುವಷ್ಟರಲ್ಲಿ ನಾನು ಎದ್ದು ನಿಂತೆ. ನನ್ನ ತಲೆಯಲ್ಲಿ ಲೋಕ ಇರಲಿಲ್ಲ, ಖರೇ ಹೇಳುತ್ತೇನೆ. ಹೊಗೆಯಿಲ್ಲದ ಒಲೆ ಎಂಬ ಒಂದೇ ಮಾತು ಇತ್ತು.

ಕಡೆಗೆ ಒಂದು ಒಪ್ಪಂದವಾಯಿತು. ಮೊದಲು ಒಂದೇ ಒಂದು, ಅದೂ ನಮ್ಮ ಮನೆಯ ಹಿತ್ತಲಿನಲ್ಲಿ. ದೀಪಾವಳಿ ಮುಗಿದ ಮೇಲೆ ಸಾಹೇಬರೂ ಪಂಚಾಯ್ತಿಯವರೂ ಬಂದು ಅದರ ಮೇಲಿನ ರೊಟ್ಟಿ ಉಂಡು ನೋಡುವುದು. ರೊಟ್ಟಿ ಛಲೋ ಬಂದರೆ ಉಳಿದ ಮನೆಗಳಿಗೂ ಮಂಜೂರು. ಬರದಿದ್ದರೆ ಆ ದುಡ್ಡಿನಲ್ಲಿ ಗಟಾರದ ಕೆಲಸ.

ಹಿತ್ತಲು ಅಗೆದು ಗ್ಯಾಸು ತುಂಬುವ ಗುಮ್ಮಟ ಕಟ್ಟಿದರು. ಸಗಣಿ ಕಲಸಿ ಸುರಿದದ್ದೇ ಸುರಿದದ್ದು. ಪಕ್ಕದ ಮನೆಯ ಕಾಕಾ ದಿನಾ ಗೋಡೆಯ ಮೇಲಿಂದ ಇಣುಕಿ ಮೂಗು ಮುರಿಯುತ್ತಿದ್ದರು. "ಸಗಣಿ ಬೆಂಕಿ ಮ್ಯಾಲಿನ ರೊಟ್ಟಿ ನಾ ಅಂತೂ ತಿನ್ನಂಗಿಲ್ಲವಾ."

ಅತ್ತೆ ಬಿಡುತ್ತಾರೆಯೆ? "ಇಷ್ಟ ದಿನ ಕುಳ್ಳಿನ ಬೆಂಕಿ ಮ್ಯಾಲೆ ಮಾಡಿದ್ದು ತಿಂದಿಯಲ್ಲೋ, ಕುಳ್ಳ ಏನು ಶ್ರೀಗಂಧದಾಗ ಮಾಡಿದ್ದವೇನು?"

ಹಾಗೆ ಕಾಕಾನ ಬಾಯಿ ಮುಚ್ಚಿಸಿದರೂ ಅತ್ತೆಗೆ ಒಳಗೊಳಗೇ ಅನುಮಾನ. ಕೆಂಡ ಕಾಣದ ರೊಟ್ಟಿ ಉಬ್ಬುವುದಿಲ್ಲ ಎಂಬುದು ಅವರ ನಂಬಿಕೆ. ದಸರೆಯ ಹೊತ್ತಿಗೆ ಒಲೆಗೆ ಗ್ಯಾಸು ಬಂತು. ಕಡ್ಡಿ ಗೀರಿದಾಗ ಸದ್ದಿಲ್ಲದೆ ನೀಲಿ ಉರಿ ಎದ್ದಿತು. ಅತ್ತೆ ದೂರ ನಿಂತು ನೋಡಿದರು, ಹತ್ತಿರ ಬಂದು ನೋಡಿದರು, ಕೊನೆಗೆ ನನ್ನನ್ನು ಮೊಣಕೈಯಿಂದ ಸರಿಸಿ ಪರಾತ ಎಳೆದುಕೊಂಡರು. ಹಂಚಿನ ಮೇಲೆ ಬೇಯಿಸಿ, ಉರಿ ಸಣ್ಣದು ಮಾಡಿ ರೊಟ್ಟಿಯನ್ನು ನೇರ ಅದರ ಮೇಲಿಟ್ಟರು. ಅದು ಬುಸ್ಸೆಂದು ಉಬ್ಬಿತು. ನಾನು ಚಿಕ್ಕ ಮಕ್ಕಳಂತೆ ಚಪ್ಪಾಳೆ ತಟ್ಟಿಬಿಟ್ಟೆ. ಆ ದಿನದಿಂದ ನಾನು ಮತ್ತೆ ಚಹಾ ಮಾಡುವ ಸೊಸೆಯಾದೆ.

ದೀಪಾವಳಿ ಪಾಡ್ಯದ ದಿನ ನಮ್ಮ ಕಡೆ ಸಗಣಿಯ ಪಾಂಡವರನ್ನು ಮಾಡಿ ಪೂಜಿಸುತ್ತಾರೆ. ಸಣ್ಣ ಸಣ್ಣ ಸಗಣಿ ಉಂಡೆಗಳಿಗೆ ಉತ್ತರಾಣಿ ಕಡ್ಡಿ, ಚೆಂಡುಹೂ ಸಿಕ್ಕಿಸಿ ಹೊಸ್ತಿಲು, ಗೋಡೆಯ ಮಾಡ, ಮಾಳಿಗೆ ಎಲ್ಲೆಲ್ಲೂ ಕೂಡಿಸುವುದು. ಆ ವರ್ಷ ನಾನು ತವರಿಗೆ ಹೋಗಿದ್ದೆ. ಇತ್ತ ಅತ್ತೆಗೆ ಒಂದು ವಿಚಾರ ಹೊಳೆಯಿತು. ಒಂದು ಮುಷ್ಟಿ ಸಗಣಿಗೇ ಇಷ್ಟು ಪೂಜೆಯಾದರೆ, ಗುಮ್ಮಟದ ತುಂಬ ಸಗಣಿ ಇಟ್ಟುಕೊಂಡು ದಿನಾ ರೊಟ್ಟಿ ಬೇಯಿಸಿಕೊಡುವ ತಾಯಿಗೆ ಎಷ್ಟು ಮಾಡಬೇಕು? ಗುಮ್ಮಟಕ್ಕೆ ಕುಂಕುಮ ಹಚ್ಚಿದರು, ಆರತಿ ಬೆಳಗಿದರು. ಆಮೇಲೆ ಸಗಣಿ ಸುರಿಯುವ ಬಾಯಿಯಲ್ಲಿ ಹೋಳಿಗೆ, ಹಾಲು, ತುಪ್ಪ ನೈವೇದ್ಯ ಹಾಕಿದರು. ಅದನ್ನು ಕಂಡು ಓಣಿಯ ಹೆಂಗಸರೆಲ್ಲ ತಮಗೂ ಬರಲಿರುವ ಗ್ಯಾಸಿನ ಆಸೆಯಿಂದ ಬುಟ್ಟಿ ಬುಟ್ಟಿ ತಂದು ಅದರೊಳಗೆ ಸುರಿದರು. ಹೋಳಿಗೆ, ಹೂರಣ, ಕಡಬು, ಪಾಯಸ. ಯಾರೂ ಕೈ ಬಿಗಿ ಮಾಡಲಿಲ್ಲ.

ನಾನು ತವರಿನಿಂದ ಮರಳುವಷ್ಟರಲ್ಲಿ ಉರಿ ಸಣ್ಣಗಾಗಿತ್ತು. ಮರುದಿನ ಪೂರ್ತಿ ನಿಂತಿತು. ಹಿತ್ತಲಿನಿಂದ ಹುಳಿ ವಾಸನೆ. ಸಾಹೇಬರು ಬರುವ ದಿನ ಹತ್ತಿರದಲ್ಲೇ ಇತ್ತು. ನಡೆದದ್ದನ್ನು ಕೇಳಿ ನನಗೆ ಸಿಟ್ಟು ಬಂತು, ಅತ್ತೆಯ ಮುಖ ನೋಡಿದರೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವರು ಮತ್ತೆ ಅಂಗೈ ನೋಡಿಕೊಳ್ಳುತ್ತ ಕೂತಿದ್ದರು.

ಸಾಹೇಬರಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಆ ಕಡೆಯಿಂದ ಅವರು ಬಿದ್ದು ಬಿದ್ದು ನಕ್ಕರು. "ಒಮ್ಮೆಲೆ ಅಷ್ಟು ಸಿಹಿ ಹಾಕಿದ್ರ ಒಳಗೆಲ್ಲ ಹುಳಿ ಏರಿರತದ್ರಿ. ಏನೂ ಹಾಕಬ್ಯಾಡ್ರಿ. ಸ್ವಲ್ಪ ಸುಣ್ಣದ ನೀರು ಬಿಟ್ಟು ಸುಮ್ಮ ಬಿಡ್ರಿ. ನಾವು ಬರೂದು ಮುಂದಿನ ವಾರಕ್ಕ ಹಾಕೋಣ."

ಇದನ್ನು ಹೇಳಿದಾಗ ಅತ್ತೆಯ ಮುಖ ಅರಳಿತು. "ಹೊಟ್ಟಿ ಉಬ್ಬರಿಸೇದ ಅನ್ನು! ಎಮ್ಮಿಗಾದ್ರೂ ಅದನ್ನ ಮಾಡತೇವಿ. ಉಪವಾಸ ಇರಲಿ. ತಿನ್ನಿಸಿದಾಕಿ ನಾನು, ನಾನೂ ಒಪ್ಪತ್ತು ಇರತೇನಿ." ನಾನು ಎಷ್ಟು ಬೈದರೂ ಕೇಳದೆ ಒಪ್ಪತ್ತು ಹಿಡಿದರು. ಓಣಿಯ ಹೆಂಗಸರು ಸಂಜೆ ಸಂಜೆ ಬಂದು, ಬಾಣಂತಿಯನ್ನು ವಿಚಾರಿಸಿದಂತೆ, "ಈಗ ಹೆಂಗದ್ರೀ?" ಎಂದು ಕೇಳಿಹೋಗುತ್ತಿದ್ದರು. ಆ ದಿನಗಳಲ್ಲಿ ಹಳೆಯ ಒಲೆ ಹೊತ್ತಿಸಿ ರೊಟ್ಟಿ ಮಾಡಿದವಳು ನಾನು. ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ, ಈ ಗ್ಯಾಸು ಬರದಿದ್ದರೆ ಅತ್ತೆ ನನ್ನ ಕಣ್ಣು ತಪ್ಪಿಸಿ ಮತ್ತೆ ಇದೇ ಒಲೆಯ ಮುಂದೆ ಕೂಡುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಭಯಕ್ಕೆ ನಿದ್ದೆ ಬರುತ್ತಿರಲಿಲ್ಲ.

ಆ ದಿನ ಬಂತು. ಪಡಸಾಲೆಯಲ್ಲಿ ಸಾಹೇಬರು, ಪಂಚಾಯ್ತಿಯವರು, ಕರೆಯದಿದ್ದರೂ ಕಾಕಾ. ಹಿಂದಿನ ಸಂಜೆ ಉರಿ ಸ್ವಲ್ಪ ಕಂಡಿತ್ತು, ಸಾಲುತ್ತದೋ ಇಲ್ಲವೋ ತಿಳಿಯದು. ಅಡುಗೆಮನೆಯ ಬಾಗಿಲಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಅತ್ತೆ ಒಲೆಯ ಕಿವಿ ತಿರುವಿ ಕಡ್ಡಿ ಗೀರಿದರು. ಮೊದಲು ಬರೇ ಗಾಳಿ ಬಂದು ಕಡ್ಡಿ ಆರಿತು. ಎರಡನೆಯ ಕಡ್ಡಿಗೆ ನೀಲಿ ಉರಿ ಸುತ್ತಲೂ ಎದ್ದು ನಿಂತಿತು. ಬಾಗಿಲಲ್ಲಿ ಯಾರೋ ಅತ್ತರು, ಯಾರೋ ನಕ್ಕರು.

ರೊಟ್ಟಿಯ ಮೇಲೆ ರೊಟ್ಟಿ ಉಬ್ಬಿ ಪಡಸಾಲೆಗೆ ಹೋದವು. ತಿನ್ನಂಗಿಲ್ಲ ಎಂದಿದ್ದ ಕಾಕಾ ಬೆಣ್ಣೆ, ಶೇಂಗಾ ಚಟ್ನಿ ಹಚ್ಚಿಕೊಂಡು ತಲೆಯೆತ್ತದೆ ತಿನ್ನುತ್ತಿದ್ದರು. ಹಿರಿಯ ಮೆಂಬರರು ಉಳಿದ ಮನೆಗಳ ಮಂಜೂರಿಗೆ ಅಲ್ಲೇ ಹೂಂ ಅಂದರು. ಸಾಹೇಬರು ಅಡುಗೆಮನೆಯ ಬಾಗಿಲಿಗೆ ಬಂದು, "ಅಮ್ಮಾರ, ಭೂಮಿ ತಂಪಿಡಾಕ ನೀವೂ ಹೆಗಲು ಕೊಟ್ಟಿರಿ ನೋಡ್ರಿ" ಎಂದು ಕೈ ಮುಗಿದರು.

"ಅದನ್ನೆಲ್ಲಾ ನಮ್ಮ ಸೊಸಿಗೆ ಹೇಳ್ರಿ. ಆಕಿ ಲೋಕ ನೋಡ್ಕೊಳ್ಳಲಿ" ಎಂದರು ಅತ್ತೆ, ಹಿಟ್ಟು ತಟ್ಟುತ್ತಲೇ. "ರೊಟ್ಟಿ ಒಂದು ಆಕಿ ಕೈಗೆ ಕೊಡಬ್ಯಾಡ್ರಿ. ಲೋಕ ತಂಪಾದೀತು, ಮಂದಿ ಉಪವಾಸ ಬಿದ್ದಾರು!"

ಎಲ್ಲರಿಗಿಂತ ಮೊದಲು ತಾವೇ ನಕ್ಕರು. ನಾನು ಎಂದಿನಂತೆ ನೀರಿನ ಚರಿಗೆಗೆ ಕೈ ಹಾಕಿ ಕೆಮ್ಮಿಗಾಗಿ ಕಾದೆ. ಅತ್ತೆಯ ಎರಡೂ ಕೈ ಹಿಟ್ಟಿನಲ್ಲಿದ್ದವು, ಸೆರಗು ಹೆಗಲ ಮೇಲೇ ಇತ್ತು. ಅವರು ಮೈಯೆಲ್ಲ ಕುಲುಕುವಂತೆ ನಕ್ಕರು, ನನ್ನ ಮುಖ ನೋಡಿ ಮತ್ತೂ ನಕ್ಕರು, ನಗು ಮುಗಿಯುವವರೆಗೂ ನಕ್ಕರು.