ಕಾಡಂಚಿನ ದಾರಿಗೆ ಪ್ರಮೀಳಕ್ಕನ ಜೊತೆ

ಮಂಜಿನ್ನೂ ಕರಗಿಲ್ಲ. ಅಂತರಸಂತೆ ಬಳಿಯ ಕಾಡಂಚಿನ ಹಳ್ಳಿಯಲ್ಲಿ ಪ್ರಮೀಳಾ ಮನೆಮನೆಯ ಮುಂದೆ ನಿಂತು ಕೂಗುತ್ತಾರೆ: "ಏಳ್ಲಾ! ಆನೆಗಳೇ ಎದ್ದು ಓಡಾಡ್ತಾ ಅವೆ, ನೀನಿನ್ನೂ ಮನಿಕ್ಕಂಡಿದ್ದೀಯಾ?" ಕಣ್ಣುಜ್ಜಿಕೊಂಡು ಬಂದ ಮಕ್ಕಳನ್ನು ಗುಂಪು ಮಾಡಿ, ಹಳೇ ತಟ್ಟೆಯೊಂದನ್ನು ಬಡಿಯುತ್ತ ಶಾಲೆಗೆ ನಡೆಸುತ್ತಾರೆ. ಆಮೇಲೆ ಅಲ್ಲೇ ಬಿಸಿಯೂಟದ ಅಡುಗೆ. ಅಡುಗೆಗೆ ಸಂಬಳವಿದೆ, ಈ ನಡಿಗೆಯನ್ನು ಯಾರೂ ಅವರಿಗೆ ಒಪ್ಪಿಸಿದ್ದಲ್ಲ.

ಇದೇ ಶಾಲೆಗೆ ಒಂದು ಕಾಲದಲ್ಲಿ ಪ್ರಮೀಳಾ ದೊಡ್ಡ ತಲೆನೋವು. ಪಾಠ ಶುರುವಾದರೆ ಕೋಳಿಯಂತೆ ಕೂಗುವಳು, ಮುಂದೆ ಕೂತವಳ ಜಡೆಯನ್ನು ಬೆಂಚಿಗೆ ಕಟ್ಟುವಳು. ಏಳನೇ ತರಗತಿಯಲ್ಲಿದ್ದಾಗ, ಹೊಗೆಸೊಪ್ಪು ಮುರಿದ ಕೈಗೆ ಹತ್ತುವ ಕಪ್ಪು ಜಿಗುಟನ್ನು ಉಂಡೆ ಮಾಡಿ ಟೀಚರ್ ಕುರ್ಚಿಗೆ ಮೆತ್ತಿದಳು. ಅವರ ಹೊಸ ಸೀರೆ ಹಾಳಾಯಿತು. ಅಪ್ಪ ಚೆಲುವಯ್ಯನನ್ನು ಕರೆಸಿದರು. ಎಲ್ಲರೆದುರು ತಲೆತಗ್ಗಿಸಿ ನಿಂತು ಬಂದ ಆತ, ಮಗಳಿಗೆ ಇನ್ನು ಶಾಲೆ ಸಾಕು ಎಂದುಬಿಟ್ಟ.

"ನಂಗೆ ಕುಸಿನೇ ಆಯ್ತು ಕಣ್ರೀ. ಬೆಳಗ್ಗೆ ಎದ್ದು ನೋಡ್ತೀನಿ, ತಂಗಿ ಪುಟ್ಟಿ ಬ್ಯಾಗ್ ಏರಿಸ್ಕಂಡು ಬಾಗ್ಲಲ್ಲಿ ನಿಂತವ್ಳೆ."

ಆನೆ ತಿರುಗಾಡುವ ದಾರಿಯಲ್ಲಿ ಅಕ್ಕನಿಲ್ಲದೆ ಅವಳೊಬ್ಬಳನ್ನೇ ಕಳಿಸಲು ಮನೆಯವರಿಗೆ ಧೈರ್ಯ ಬರಲಿಲ್ಲ. ಓದಿನಲ್ಲಿ ಮುಂದಿದ್ದ, ಒಮ್ಮೆಯೂ ಬೈಸಿಕೊಳ್ಳದ ಹುಡುಗಿಯ ಶಾಲೆಯೂ ಆರನೇ ತರಗತಿಗೇ ನಿಂತಿತು. ಎಂಥ ಅನ್ಯಾಯ! ಪುಟ್ಟಿ ಈಗ ಪಿರಿಯಾಪಟ್ಟಣದ ಕಡೆ ಗಂಡನ ಮನೆಯಲ್ಲಿದ್ದಾರೆ, ಶುಂಠಿ ಹೊಲಗಳಲ್ಲಿ ಕೂಲಿ ಮಾಡುತ್ತಾರೆ.

"ನಾನು ತರಲೆ ಬುಟ್ಟಿದ್ದು ಯಾರೋ ಬುದ್ಧಿ ಯೋಳಿ ಅಲ್ಲ. ಅವ್ಳು ಆ ಬ್ಯಾಗ್ ತಗದು ಅಟ್ಟಕ್ಕಿಟ್ಳಲ್ಲ, ಅವತ್ತೇ ಬುಟ್ಟೋಯ್ತು," ಎನ್ನುವಾಗ ಪ್ರಮೀಳಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಈಗ ಯಾವ ಮಗುವನ್ನಾದರೂ ಮೇಷ್ಟ್ರು ಮನೆಗೆ ಅಟ್ಟಲು ಹೊರಟರೆ, ಪ್ರಮೀಳಾ ಸೌಟು ಹಿಡಿದುಕೊಂಡೇ ಅಡ್ಡ ಬರುತ್ತಾರೆ. "ಬಯ್ರಿ ಸಾ, ಬ್ಯಾಡ ಅನ್ನಕ್ಕಿಲ್ಲ. ಆಚಿಗೆ ಮಾತ್ರ ಕಳುಸ್ಬ್ಯಾಡಿ." ಮೇಷ್ಟ್ರು ಗೊಣಗುತ್ತಾರೆ, ಆದರೆ ಕಳಿಸುವುದಿಲ್ಲ.

ಅಕ್ಕಿಗೆ ನೀರು ಕಾಯುವಷ್ಟು ಹೊತ್ತು ಪ್ರಮೀಳಾ ಏಳನೇ ತರಗತಿಯ ಕಿಟಕಿಯ ಹೊರಗೆ ಕಿವಿಗೊಟ್ಟು ನಿಂತಿರುತ್ತಾರೆ. ಅಲ್ಲಿ ಕೇಳಿದ ಪಾಠವನ್ನು ಭಾನುವಾರ ಫೋನಿನಲ್ಲಿ ತಂಗಿಗೆ ಹೇಳಬೇಕು. ಅರ್ಧ ಮರೆತಿರುತ್ತದೆ, ಹೆಸರುಗಳು ತಪ್ಪುತ್ತವೆ.

"ಪುಟ್ಟಿ ಒಂದಿನಾನೂ ನನ್ನ ಬಯ್ದಿಲ್ಲ ಕಣ್ರೀ. ಬಯ್ದುಬುಟ್ಟಿದ್ರೆ ಅತ್ತು ಅಗುರಾಗ್ತಿದ್ದೆ. ನಾನು ತಡವರಿಸಿ ನಿಲ್ಲುಸುದ್ರೆ, 'ಆಮೇಕೇನಾಯ್ತಕ್ಕ?' ಅಂತಾಳೆ. ಅಷ್ಟೇಯ."