ಹೊಳೆ ದಂಡೆಯ ಗಿಳಿ

ಗೆಳೆಯರೇ, ಇವತ್ತು ಹೊರ್ತಿಯಲ್ಲಿ ಇಳಿಯಬೇಕಾದ ನಾನು ಇಳಿಯಲೇ ಇಲ್ಲ. ಕಾರಣ ಒಂದು ಜೋಗುಳ.

ಇಂಡಿಯಿಂದ ಹೊರಟ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನ ಅಜ್ಜಿ, ಅಳುತ್ತಿದ್ದ ಮೊಮ್ಮಗಳಿಗೆ ಹಾಡುತ್ತಿದ್ದಳು. ಅದು ತೀರಿಹೋದ ನನ್ನವ್ವನ ಹಾಡು! ಕೂಸಿನ ತಲೆಗೆ ಕುಲಾಯಿ ತರಲು ಹೊರಟ ಗಿಳಿ, ತುಂಬಿದ ಹೊಳೆಯ ದಂಡೆಗೆ ಬಂದು ಕೂರುತ್ತದೆ. ಅವ್ವ ಹಾಡುವಾಗ ಅಷ್ಟರಲ್ಲೇ ನನಗೆ ನಿದ್ದೆ ಬಂದುಬಿಡುತ್ತಿತ್ತು. ಗಿಳಿ ಹೊಳೆ ದಾಟಿತೋ ಇಲ್ಲವೋ, ನಲವತ್ತು ವರ್ಷವಾದರೂ ಗೊತ್ತಿಲ್ಲ.

ಕಂಡಕ್ಟರ್ ಕೂಗಿದ: "ಹೊರ್ತಿ ಬಂತ್ರಿ ಸರ, ಇಳೀರಿ!"

"ತಡೀರಿ, ಗಿಳಿ ಇನ್ನಾ ಹೊಳಿ ದಾಟಿಲ್ರಿ" ಎಂದೆ.

ಆತ ನನ್ನ ಮುಖವನ್ನೊಮ್ಮೆ ನೋಡಿ ಸೀಟಿ ಊದಿಬಿಟ್ಟ.

ಊರು ದಾಟುತ್ತಿದ್ದಂತೆ ಹಾಡು ದಂಡೆಯಲ್ಲೇ ನಿಂತಿತು. ಹಿಂದೆ ತಿರುಗಿದೆ.

"ಯವ್ವಾ, ಮುಂದಿಂದು ಹಾಡ್ರಿ."

"ಕೂಸು ಮಕ್ಕೊಂತು. ಇನ್ಯಾರಿಗೆ ಹಾಡ್ಲಿ?"

"ನನಗ ಹಾಡ್ರಿ."

"ಮುಂದಿಂದು ನನಗೂ ಗೊತ್ತಿಲ್ಲೋ ತಮ್ಮಾ. ನಮ್ಮವ್ವ ಹಾಡೂಮುಂದ ನಾನೂ ಅಲ್ಲೇ ಮಕ್ಕೊಂತಿದ್ನಿ."

ಕಂಡಕ್ಟರ್ ನನ್ನನ್ನು ಹೊಲಗಳ ನಡುವೆ ಇಳಿಸಿಹೋದ. ಬಿಸಿಲಲ್ಲಿ ಹೊರ್ತಿಗೆ ಮರಳಿ ನಡೆದೆ. ಆಗಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಚಿಕ್ಕಂದಿನಲ್ಲಿ ಬೇಗ ಮಲಗದೆ ಅವ್ವನ ಜೀವ ತಿಂದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಕಾಮೆಂಟಿನಲ್ಲಿ ತಿಳಿಸಿ: ಗಿಳಿ ದಾಟಿತಾ?