ಹೃಷೀಕೇಶ ರಾಯರ ಮೇಲಿನ ಸ್ವರ

ನಮ್ಮ ಬಿಲ್ಡಿಂಗಿನ ಹೃಷೀಕೇಶ ರಾಯರು ದೊಡ್ಡ ಭಜನೆಗಾರರು ಎಂದು ಡೊಂಬಿವಲಿ ಈಸ್ಟಿನ ಕನ್ನಡದವರೆಲ್ಲ ನಂಬಿದ್ದಾರೆ. ನಾನು ನಂಬಿಲ್ಲ. ಅವರ ಮನೆಯ ಎದುರು ಬಾಗಿಲು ನಮ್ಮದು. ಶನಿವಾರ ಭಜನಾ ಮಂಡಳಿಯಲ್ಲಿ ಅವರ ಹೆಂಡತಿ ಸುಗುಣಕ್ಕನ ಪಕ್ಕ ಜಮಖಾನದ ಮೇಲೆ ಕೂತು ಕೋರಸ್ ಹಾಡುವವಳು ಈ ವಸಂತಿ. ಅಷ್ಟು ಹತ್ತಿರದಿಂದ ನೋಡಿದ ಮೇಲೆ ಆ ಮನುಷ್ಯರ ಮೇಲೆ ಭಕ್ತಿ ಉಳಿಸಿಕೊಳ್ಳುವುದು ಕಷ್ಟ ಮಾರಾಯ್ರೆ.

ರಾಯರು ಉಡುಪಿ ಕಡೆಯವರು. ಚಿಕ್ಕಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರಲಿಕ್ಕೆಂದು ಥಾಣೆಗೆ ಬಂದವರು ನೈಟ್ ಕಾಲೇಜಿನಲ್ಲಿ ಬಿ.ಕಾಂ. ಮಾಡಿದರು. ಆಮೇಲೆ ಫೋರ್ಟ್ ಏರಿಯಾದ ಒಂದು ಕಂಪೆನಿಯಲ್ಲಿ ಅಕೌಂಟ್ಸ್ ಬರೆಯುತ್ತಾ ತಲೆ ಬೆಳ್ಳಗೆ ಮಾಡಿಕೊಂಡರು. ಇದರಲ್ಲಿ ಹೀಯಾಳಿಸುವಂಥದ್ದು ಏನೂ ಇಲ್ಲ. ನನ್ನ ಗಂಡನೂ ಅದೇ ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಹೋಗಿಯೇ ಸಂಸಾರ ನಡೆಸಿದ್ದು. ಆದರೆ ನನ್ನ ಗಂಡ ಮನೆಗೆ ಬಂದರೆ ಬನಿಯನ್ ಹಾಕಿಕೊಂಡು ಟಿ.ವಿ. ಮುಂದೆ ಕೂರುತ್ತಾರೆ. ರಾಯರು ಸೋಫಾದಲ್ಲಿ ಕೂತು "ಗಂಟಲು" ಅನ್ನುತ್ತಾರೆ. ಅಷ್ಟು ಅಂದರೆ ಸಾಕು, ಸುಗುಣಕ್ಕ ಕಾಳುಮೆಣಸಿನ ಕಷಾಯ ಹಿಡಿದುಕೊಂಡು ಬರಬೇಕು. ಆ ಮನೆಯಲ್ಲಿ ಮಜ್ಜಿಗೆಗೆ ಹುಳಿ ಬರುವಂತಿಲ್ಲ, ಒಗ್ಗರಣೆಯ ಘಾಟು ಅಡುಗೆಮನೆ ದಾಟುವಂತಿಲ್ಲ, ಮೇ ತಿಂಗಳಲ್ಲೂ ಫ್ಯಾನ್ ಹಾಕುವಂತಿಲ್ಲ. ಹೆಂಡತಿ, ಮಗಳು ಬೆವರು ಸುರಿಸಿಕೊಂಡು ಬಿದ್ದಿರಬೇಕು, ಯಾಕೆಂದರೆ ರಾಯರ ಗಂಟಲಿಗೆ ಗಾಳಿ ಆಗುವುದಿಲ್ಲ. ಆಹಾ, ಎಂಥ ಗಂಟಲು!

ಲೋಕಲಿನಲ್ಲಿ ಮರಾಠಿಯವರ ಭಜನೆ ಮಂಡಳಿ ಇರುತ್ತದಲ್ಲ, ತಾಳ ಬಡಿದುಕೊಂಡು ಹೋಗುವವರು, ಅವರು ಒಮ್ಮೆ ರಾಯರನ್ನು ಹಾಡಲಿಕ್ಕೆ ಕರೆದರಂತೆ. ಒಂದೇ ದಿನ ಹಾಡಿದ್ದು. ಮಾರನೇ ದಿನದಿಂದ ಬೇರೆ ಡಬ್ಬಿ ಹತ್ತಿದರು. ಕೇಳಿದರೆ, ಆ ಜನಕ್ಕೆ ಸಂಗೀತ ಗೊತ್ತಿಲ್ಲ, ಧೂಳಿನಲ್ಲಿ ಹಾಡಿದರೆ ಸ್ವರ ಕೆಡುತ್ತದೆ ಎಂದು ನನ್ನ ಗಂಡನಿಗೆ ಹೇಳಿದರಂತೆ. ಧೂಳೂ ಅಲ್ಲ, ಮಣ್ಣೂ ಅಲ್ಲ. ಆ ಡಬ್ಬಿಯಲ್ಲಿ ಸುಗುಣಕ್ಕ ಇರಲಿಲ್ಲ, ಅಷ್ಟೇ.

ವಿಷಯ ಇಷ್ಟು. ಕೆಳಗಿನ ಸ್ವರದಲ್ಲಿ ರಾಯರು ಚಂದವೇ ಹಾಡುತ್ತಾರೆ, ಸುಳ್ಳು ಯಾಕೆ ಹೇಳಲಿ. ಆದರೆ ಮೇಲಿನ ಷಡ್ಜಕ್ಕೆ ಏರಬೇಕಾದಲ್ಲಿ ಅವರಿಗೆ ಸ್ವರ ಇಲ್ಲ. ಮದುವೆಯಾದ ಹೊಸತರಲ್ಲಿ ಒಂದು ಪೂಜೆಯಲ್ಲಿ ಹಾಗೆ ಏರಹೋಗಿ ಸ್ವರ ಒಡೆದು ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಾಗ, ಹಿಂದೆ ಕೂತಿದ್ದ ಸುಗುಣಕ್ಕ ಗಂಡನ ಮಾನ ಹೋಗಬಾರದೆಂದು ಆ ಸ್ವರವನ್ನು ತಾನು ಎತ್ತಿಕೊಂಡರಂತೆ. ಭಜನೆಯಲ್ಲಿ ಮುಂದಿನವರು ಹೇಳಿದ್ದನ್ನು ಹಿಂದಿನವರು ಹೇಳುವುದು ಇದ್ದದ್ದೇ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಅಂದಿನಿಂದ ಅದೇ ಪದ್ಧತಿ. ರಾಯರು ಕಣ್ಣು ಮುಚ್ಚಿ ಬಲಗೈ ಆಕಾಶಕ್ಕೆ ಎತ್ತಿ ಬಾಯಿ ತೆರೆಯುವುದು, ಹಿಂದಿನಿಂದ ಸುಗುಣಕ್ಕನ ಸ್ವರ ಹೋಗುವುದು, ಜನ ರಾಯರಿಗೆ ಕೈ ಮುಗಿಯುವುದು. ಇದು ರಾಯರಿಗೆ ಗೊತ್ತುಂಟಾ ಇಲ್ಲವಾ ಎಂದು ನಾನು ಬಹಳ ಯೋಚಿಸಿದ್ದೇನೆ. ಗೊತ್ತಿದ್ದರೆ ಕಳ್ಳ, ಗೊತ್ತಿಲ್ಲದಿದ್ದರೆ ಕೆಪ್ಪ. ಎರಡರಲ್ಲಿ ಯಾವುದೂ ಹಾಡುಗಾರನಿಗೆ ಶೋಭೆಯಲ್ಲ.

ಅವರ ಮಗಳು ಅನಘ ವಾಶಿಯ ಒಂದು ಕಾಲೇಜಿನಲ್ಲಿ ಮಾಸ್ ಮೀಡಿಯಾ ಓದುತ್ತಾಳೆ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಕೊನೆಯ ವರ್ಷಕ್ಕೆ ಅವಳೊಂದು ಮ್ಯೂಸಿಕ್ ವಿಡಿಯೋ ಮಾಡಬೇಕಿತ್ತು. ಯಾವುದಾದರೂ ಒಂದು ಜಾತಿಯ ವಿಡಿಯೋ ಆರಿಸಿಕೊಂಡು ಮೊದಲು ಅದರ ನಿಯಮಗಳನ್ನೆಲ್ಲ ಸರಿಯಾಗಿ ಪಾಲಿಸಬೇಕಂತೆ. ಆಮೇಲೆ ಒಂದು ನಿಯಮ ಮುರಿಯಬೇಕಂತೆ, ಹೇಗೆಂದರೆ ಆ ನಿಯಮದ ಹಿಂದೆ ಏನು ಅಡಗಿತ್ತು ಎಂದು ನೋಡುವವರಿಗೆ ಕಾಣುವ ಹಾಗೆ. ಇದಕ್ಕೂ ಫೀಸು ತೆಗೆದುಕೊಳ್ಳುತ್ತಾರಾ ಎಂದು ನನಗೆ ನಗು ಬಂತು. ಆದರೆ ಅವಳು ಭಕ್ತಿಗೀತೆಯ ವಿಡಿಯೋ ಮಾಡುತ್ತೇನೆ ಅಂದಾಗ ನಿಯಮ ಅಂದರೆ ಏನು ಎಂದು ತಕ್ಷಣ ತಲೆಗೆ ಹೋಯಿತು. ಅಂಥ ವಿಡಿಯೋ ನಾವು ಎಷ್ಟು ನೋಡಿಲ್ಲ! ಮೊದಲು ದೀಪ, ನೀರಿನ ದಂಡೆ, ಗಾಳಿಗೆ ಹಾರುವ ಶಾಲು, ಮುಚ್ಚಿದ ಕಣ್ಣು. ಹಾಡು ಮೇಲಕ್ಕೆ ಏರಿದ ಕೂಡಲೇ ಮೈಯಿಂದ ಕಿರಣ ಬಿಡುವ ದೇವರು ಪ್ರತ್ಯಕ್ಷ. ಎಲ್ಲರದೂ ಅದೇ ಅಚ್ಚು.

ಹಾಡುವವರು ಯಾರು ಎಂಬ ಪ್ರಶ್ನೆ ಆ ಮನೆಯಲ್ಲಿ ಏಳಲೇ ಇಲ್ಲ. ರಾಯರು ಅದೇ ವಾರ ಜರಿಯ ಶಾಲು ತಂದರು. ಹಾಡೂ ಅವರೇ ಬರೆದದ್ದು. ಕೃಷ್ಣನನ್ನು ಮತ್ತೆ ಮತ್ತೆ ಕೂಗಿ ಕರೆಯುವುದು ಬಿಟ್ಟರೆ ಅದರಲ್ಲಿ ಬೇರೆ ಎಂಥದೂ ಇಲ್ಲ. ಕರೆದಾಗಲೆಲ್ಲ ಸ್ವರ ಮೇಲಿನ ಷಡ್ಜಕ್ಕೇ ಹೋಗಬೇಕು. ನೋಡಿ ಬುದ್ಧಿ.

ರೆಕಾರ್ಡಿಂಗ್ ಆದದ್ದು ಅನಘಳ ಕ್ಲಾಸ್‌ಮೇಟ್ ಮಯೂರ್ ಮನೆಯಲ್ಲಿ. ಘೋಡಬಂದರ್ ರೋಡಿನ ದೊಡ್ಡ ಕಾಂಪ್ಲೆಕ್ಸು, ಒಂದು ಬೆಡ್‌ರೂಮಿನ ಗೋಡೆಗೆಲ್ಲ ಸ್ಪಂಜು ಹೊಡೆಸಿ ಸ್ಟುಡಿಯೋ ಮಾಡಿಕೊಂಡಿದ್ದ. ಕೋರಸ್ಸಿಗೆಂದು ನಾನೂ ಹೋಗಿದ್ದೆ. ಎಲ್ಲರೂ ಒಟ್ಟಿಗೆ ಕೂತು ಹಾಡಿಬಿಡಿ ಎಂದು ಮಯೂರ್ ಹೇಳಿದ. ರಾಯರು ಕೇಳಲಿಲ್ಲ. ದೊಡ್ಡ ಗಾಯಕರೆಲ್ಲ ಒಬ್ಬರೇ ಹಾಡುತ್ತಾರೆ, ಕೋರಸ್ ಆಮೇಲೆ ಬೇರೆ ತೆಗೆಯುತ್ತಾರೆ, ಮೊಬೈಲಿನಲ್ಲಿ ನೋಡಿದ್ದೇನೆ ಎಂದು ಪಟ್ಟು ಹಿಡಿದರು. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುವುದು ಅಂದರೆ ಇದೇ.

ನಾವು ಗಾಜಿನ ಈಚೆ ಕೂತು ನೋಡುತ್ತಿದ್ದೆವು. ಕೆಳಗಿನ ಸ್ವರ ಚೊಕ್ಕವಾಗಿ ಬಂತು. ಮೇಲಿನ ಸ್ವರ ಬಂದಾಗ ರಾಯರು ಅಭ್ಯಾಸದಂತೆ ಕಣ್ಣು ಮುಚ್ಚಿದರು, ಕೈ ಎತ್ತಿದರು, ಬಾಯಿ ತೆರೆದರು. ಏನೂ ಬರಲಿಲ್ಲ. ಸ್ವಲ್ಪ ಗಾಳಿ ಬಂದಿರಬಹುದು. ಅವರು ಮಾತ್ರ ತೃಪ್ತಿಯಿಂದ ಮುಂದಿನ ಸಾಲಿಗೆ ಇಳಿದರು. ಪ್ರತಿ ಸಲವೂ ಅದೇ ಕಥೆ. ಸುಗುಣಕ್ಕ ತಲೆ ತಗ್ಗಿಸಿ ಕೂತಿದ್ದರು. ಹೊರಗೆ ಬಂದಾಗ ಮಯೂರ್ ಪಾಪ ಮರ್ಯಾದೆಯಿಂದಲೇ, ಅಂಕಲ್, ಮೇಲಿನ ನೋಟ್ ರೆಕಾರ್ಡ್ ಆಗಿಲ್ಲ ಅಂದ.

"ನಿನ್ನ ಮೈಕ್ ಸರಿ ಇಲ್ಲ" ಅಂದರು ರಾಯರು.

ಆಮೇಲೆ ನಾವು ಕೋರಸ್ ಹಾಡಿದೆವು, ಸುಗುಣಕ್ಕ ಎಂದಿನ ಹಾಗೆ ಆ ಜಾಗ ತುಂಬಿದರು. ಅನಘ ಅದನ್ನೆಲ್ಲ ಮೊಬೈಲಿನಲ್ಲಿ ಶೂಟ್ ಮಾಡುತ್ತಿದ್ದಳು. ಎರಡನ್ನೂ ಕೂಡಿಸಿ ಕೇಳಿಸಿದಾಗ ರಾಯರು ಮಯೂರನ ಬೆನ್ನು ತಟ್ಟಿ, ಈಗ ಬಂತಲ್ಲ, ರಿಪೇರಿ ಮಾಡಿದೆಯಾ ಎಂದು ಕೇಳಿದರು. ನನಗೆ ಅಲ್ಲೇ ಎರಡು ಮಾತು ಆಡಿಬಿಡುವಾ ಅನಿಸಿತು. ಸುಗುಣಕ್ಕನ ಮುಖ ನೋಡಿ ನುಂಗಿಕೊಂಡೆ.

ಶೂಟಿಂಗ್ ಡೊಂಬಿವಲಿ ವೆಸ್ಟಿನ ಖಾಡಿ ದಂಡೆಯಲ್ಲಿ, ಅದೇ ಆ ಸಮುದ್ರದ ಹಿನ್ನೀರು. ನೀರಿನ ವಾಸನೆಗೆ ನಾವೆಲ್ಲ ಮೂಗು ಮುಚ್ಚಿಕೊಂಡರೆ ರಾಯರು ಗಂಗಾತೀರದಲ್ಲಿ ನಿಂತವರ ಹಾಗೆ ನಿಂತಿದ್ದರು. ಶಾಲು ಹಾರಲಿಕ್ಕೆ ಬ್ಯಾಟರಿಯ ಫ್ಯಾನ್ ಬೇಕು ಎಂದು ಅವರೇ ಹೇಳಿ ಮುಖಕ್ಕೇ ಹಿಡಿಸಿಕೊಂಡರು. ಅವತ್ತು ಗಂಟಲಿಗೆ ಗಾಳಿ ಆಯಿತು.

ವಿಡಿಯೋ ತಯಾರಾದ ದಿನ ಅನಘ ನನ್ನನ್ನೂ ಮನೆಗೆ ಕರೆದಳು. ಟಿ.ವಿ.ಯಲ್ಲಿ ಹಾಕಿದಳು. ದೀಪ ಬಂತು, ನೀರು ಬಂತು, ಶಾಲು ಹಾರಿತು, ರಾಯರು ಕಣ್ಣು ಮುಚ್ಚಿದರು. ಎಲ್ಲ ಅಚ್ಚಿನ ಪ್ರಕಾರವೇ. ಹಾಡು ಮೇಲಕ್ಕೆ ಏರಿ ಅವರು ಬಾಯಿ ತೆರೆದರು. ಕೃಷ್ಣ ಕಾಣಬೇಕಾದ ಜಾಗದಲ್ಲಿ ಸುಗುಣಕ್ಕ ಕಂಡರು. ಸ್ಪಂಜಿನ ಗೋಡೆ, ಕಿವಿಗೆ ಹೆಡ್‌ಫೋನು, ಹತ್ತಿಯ ಸೀರೆ, ಕತ್ತಿನ ನರ ಉಬ್ಬಿತ್ತು. ಮಿಕ್ಕ ವಾದ್ಯವನ್ನೆಲ್ಲ ನಿಲ್ಲಿಸಿ ಅವರ ಸ್ವರ ಒಂದನ್ನೇ ಬಿಟ್ಟಿದ್ದಳು ಹುಡುಗಿ. ಕಾಲೇಜಿನ ಫೀಸಿನ ಬಗ್ಗೆ ಆಡಿದ್ದನ್ನು ಆಗಲೇ ವಾಪಸ್ ತೆಗೆದುಕೊಂಡೆ.

ಸುಗುಣಕ್ಕ ತನ್ನ ಸ್ವರವನ್ನು ಒಂಟಿಯಾಗಿ ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಅವರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದವರು ಒಳಗೆ ಬಂದು ಟಿ.ವಿ. ಹತ್ತಿರ ಕೂತರು. "ನನ್ನ ಸ್ವರ ಹೀಗುಂಟಾ?" ಎಂದು ಮಗಳನ್ನು ಕೇಳಿದರು. ಅವರ ಮುಖದಲ್ಲಿ ಅಂಥ ಸಂತೋಷ ನಾನು ಅವರ ಮಗಳು ಹುಟ್ಟಿದಾಗ ನೋಡಿದ್ದೆ, ಮತ್ತೆ ನೋಡಿದ್ದು ಈಗಲೇ.

ರಾಯರು ಕೆಂಪಾಗಿದ್ದರು. ಇದೇನು ಅಪದ್ಧ, ದೇವರ ಜಾಗದಲ್ಲಿ ಇವಳನ್ನು ಹಾಕುವುದಾ, ಜನ ಇವಳೇ ಹಾಡಿದ್ದು ಅಂದುಕೊಳ್ಳುವುದಿಲ್ಲವಾ ಎಂದು ಶುರು ಮಾಡಿದರು. ಅನಘ ಹಿಂದಿಯಲ್ಲಿ, ಪಪ್ಪಾ, ಆ ಸ್ವರ ಮಮ್ಮಿಯದ್ದೇ ತಾನೇ ಅಂದಳು. ಅಪ್ಪನ ಟ್ರ್ಯಾಕ್ ಒಂದನ್ನೇ ಹಾಕಿ ಕೇಳಿಸಿದಳು ಕೂಡ. ಬಾಯಿ ತೆರೆದದ್ದು ಉಂಟು, ಸ್ವರ ಇಲ್ಲ. ಆ ಮೈಕ್ ಹಾಳಾಗಿತ್ತು ಎಂದು ಅವತ್ತೇ ಹೇಳಿದ್ದೆ ಎಂದು ರಾಯರು ಮತ್ತೆ ಅದನ್ನೇ ಹಿಡಿದರು. ಇನ್ನು ಸುಳ್ಳಿಗೂ ನಾಚಿಕೆ ಆಗಬೇಕು. ಭಾನುವಾರ ಮಂಡಳಿಯ ವಾರ್ಷಿಕೋತ್ಸವ, ಅಲ್ಲಿ ಈ ವಿಡಿಯೋ ತೋರಿಸುತ್ತೇನೆಂದು ಊರಿಗೆಲ್ಲ ಹೇಳಿಯಾಗಿತ್ತು ಅವರಿಗೆ. ತಿದ್ದದಿದ್ದರೆ ತನ್ನ ಮುಖ ಇರುವ ಈ ವಿಡಿಯೋ ಕಾಲೇಜಿಗೂ ಹೋಗಕೂಡದು ಎಂದು ಮಗಳನ್ನು ಹೆದರಿಸಿದರು. ಹುಡುಗಿಗೆ ಸೋಮವಾರ ಒಪ್ಪಿಸದಿದ್ದರೆ ವರ್ಷವೇ ಹೋಗುತ್ತದೆ. ಕೊನೆಗೆ ದೊಡ್ಡ ಮನಸ್ಸು ಮಾಡಿದವರ ಹಾಗೆ ತೀರ್ಪು ಕೊಟ್ಟರು.

"ಸ್ವರ ಇರಲಿ, ಮುಖ ತೆಗಿ. ಕೋರಸ್‌ನವಳ ಮುಖ ಯಾರಿಗೆ ಬೇಕು?"

ಹೇಳಿ, ಉಪ್ಪುನೀರು ಮುಕ್ಕಳಿಸಲಿಕ್ಕೆ ಬಾತ್‌ರೂಮಿಗೆ ಹೋದರು. ನನಗೆ ಆ ಮನುಷ್ಯನ ಮುಖಕ್ಕೆ ಉಗಿಯಬೇಕು ಅನಿಸಿತು. ಕಷಾಯ ಕಾಸಿದ ಕೈ, ಎಷ್ಟೋ ವರ್ಷ ಮಾನ ಕಾಪಾಡಿದ ಸ್ವರ, ಅವಳು ಕೋರಸ್‌ನವಳಂತೆ! ಅನಘ ಅಳುತ್ತಿದ್ದಳು. ಸುಗುಣಕ್ಕ ಅಳಲಿಲ್ಲ. ಒಳಗಿನಿಂದ ಗಳಗಳ ಸದ್ದು ಕೇಳುತ್ತಿದ್ದ ಹಾಗೆ ಮಗಳ ತಲೆ ಸವರಿ ಮೆಲ್ಲಗೆ ಹೇಳಿದರು.

"ಅಪ್ಪ ಹೇಳಿದ ಹಾಗೆ ಮುಖ ತೆಗಿ ಮಗಾ. ಸ್ವರವನ್ನೂ ತೆಗಿ. ಅದೂ ನನ್ನದೇ."

ಹುಡುಗಿ ಕಣ್ಣು ಒರೆಸಿಕೊಂಡು ಲ್ಯಾಪ್‌ಟಾಪ್ ಎಳೆದುಕೊಂಡಳು. ನಿಯಮ ಮುರಿಯಲಿಕ್ಕೆ ಇದು ಮೊದಲಿನದಕ್ಕಿಂತ ಒಳ್ಳೆಯದಾಯಿತು ಎಂದು ನನ್ನ ಕಿವಿಯಲ್ಲಿ ಅಂದಳು.

ಭಾನುವಾರ ವಾರ್ಷಿಕೋತ್ಸವದ ಸಭಾಂಗಣ ತುಂಬಿತ್ತು. ಹೋಟೆಲಿನವರು, ಬ್ಯಾಂಕಿನವರು, ಕಲ್ಯಾಣದಿಂದ, ಸೀವುಡ್ಸ್‌ನಿಂದ ಬಂದ ನೆಂಟರು. ಮುಖ ತೆಗೆದಾಯಿತು ಎಂದು ಮಗಳು ಹೇಳಿದ್ದನ್ನೇ ನಂಬಿ, ವಿಡಿಯೋ ಮತ್ತೆ ನೋಡದೆಯೇ, ರಾಯರು ಅದೇ ಜರಿ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕೂತಿದ್ದರು. ಪರದೆಯ ಮೇಲೆ ದೀಪ ಬಂತು, ನೀರು ಬಂತು, ಜನ ಆಹಾ ಅಂದರು. ಮೇಲಿನ ಸ್ವರ ಬಂತು. ರಾಯರ ಕೈ ಎದ್ದಿತು, ಬಾಯಿ ಅಷ್ಟಗಲ ತೆರೆಯಿತು, ಕೃಷ್ಣ ಕಿರಣ ಬಿಟ್ಟುಕೊಂಡು ಪ್ರತ್ಯಕ್ಷನಾದ. ಸದ್ದಿಲ್ಲ. ಸೌಂಡಿನವನು ಓಡಿಹೋಗಿ ವಯರು ಅಲ್ಲಾಡಿಸಿದ. ಅಷ್ಟರಲ್ಲಿ ಕೆಳಗಿನ ಸಾಲು ಸರಿಯಾಗಿಯೇ ಕೇಳಿಸಿತು. ಮತ್ತೆ ಮೇಲಿನ ಸ್ವರ, ಮತ್ತೆ ತೆರೆದ ಬಾಯಿ, ಮತ್ತೆ ಮೌನ. ಮೂರನೇ ಸಲಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಅದು ಮುಂದಿನ ಸಾಲಿಗೂ ಬಂತು.

ರಾಯರು ಎದ್ದು ಸ್ಟೇಜ್ ಹತ್ತಿದರು. ಸುಮ್ಮನೆ ಕೂತಿದ್ದರೆ ಎರಡು ದಿನದಲ್ಲಿ ಜನ ಮರೆಯುತ್ತಿದ್ದರು. ಆದರೆ ಅವರಿಗೆ ತನ್ನ ಮೇಲೆ ತನಗೇ ಅಷ್ಟು ಭಕ್ತಿ. ಟೆಕ್ನಿಕಲ್ ಪ್ರಾಬ್ಲಂ, ಈಗ ಲೈವ್ ಹಾಡುತ್ತೇನೆ ಎಂದು ಮೈಕಿನಲ್ಲಿ ಹೇಳಿ, ತಿರುಗಿಯೂ ನೋಡದೆ ಕೋರಸ್ಸಿಗೆ ಕೈಸನ್ನೆ ಮಾಡಿದರು. ನಾವು ಹೋಗಿ ಹಿಂದೆ ಕೂತೆವು. ನಮ್ಮ ಮುಂದೂ ಒಂದು ಸಣ್ಣ ಮೈಕ್ ಇಟ್ಟರು. ಸುಗುಣಕ್ಕ ತಾಳ ಕೈಗೆ ತೆಗೆದುಕೊಂಡರು.

ಹಾಡು ಏರಿತು. ರಾಯರು ಕಣ್ಣು ಮುಚ್ಚಿದರು, ಕೈ ಎತ್ತಿದರು, ಬಾಯಿ ತೆರೆದರು. ಆ ಖಾಲಿ ಜಾಗ ತಡೆಯಲಾಗದೆ ನನ್ನ ಗಂಟಲೇ ಏಳಲಿಕ್ಕೆ ನೋಡಿತು. ಸುಗುಣಕ್ಕ ಮೊಣಕಾಲಿನಿಂದ ನನ್ನ ಮೊಣಕಾಲನ್ನು ಒತ್ತಿ ಹಿಡಿದರು. ಅವರ ತಾಳ ಒಂದೇ ಟಿಣ್ ಟಿಣ್ ಎಂದು ನಡೆಯುತ್ತಿತ್ತು. ರಾಯರು ಬಾಯಿ ತೆರೆದುಕೊಂಡೇ ಕಾದರು, ಕಾದರು, ಆಮೇಲೆ ಕಣ್ಣು ಬಿಟ್ಟರು. ಹಾಡುವಾಗ ಅವರು ಹಿಂದೆ ತಿರುಗಿ ಹೆಂಡತಿಯನ್ನು ನೋಡಿದ್ದು ನಾನು ಕಂಡ ಹಾಗೆ ಅದೇ ಮೊದಲು.

"ಸುಗುಣಾ?" ಅಂದರು.

ಸುಗುಣಕ್ಕ ತಾಳ ತಪ್ಪಿಸದೆ ಅವರನ್ನು ನೋಡಿದರು.

"ಮೈಕ್ ಸರಿ ಇಲ್ಲ ಅಂತ ಕಾಣ್ತದೆ" ಅಂದರು.

ನಮ್ಮ ಮುಂದಿನ ಮೈಕ್ ಆ ಮಾತನ್ನು ಸಭಾಂಗಣದ ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು.